ಮಾಸ್ಟರನ್ನು ಕರೆತರಲು ಹೋದವರು

ಚೌಡೇಶನಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು, ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಂಗಳದಲ್ಲಿ ಓಡಾಡುತ್ತ ಮುದ್ದೆ ಮುಗಿಸುತ್ತಿದ್ದ. ಸಂಜೆ ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂತು ತಮ್ಮ ತಮ್ಮ ಕಥೆ ಹೇಳಿಕೊಳ್ಳುವಾಗ ಅವನು ಬಾಗಿಲಿಗೆ ಒರಗಿ, ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸುತ್ತ ನಿಂತಿರುತ್ತಿದ್ದ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಅವನು ನಡೆದು ನಡೆದು ಹುಲ್ಲು ಸವೆದು ಒಂದು ಕಾಲುದಾರಿಯೇ ಬಿದ್ದಿತ್ತು.

ಅದು ಮಡಕಶಿರಾದಿಂದ ಪಾವಗಡಕ್ಕೆ ಹೋಗುವ ರಸ್ತೆಯ ಪಕ್ಕದ ಜಾಗ. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಶೆಡ್ಡು. ಸೌಭಾಗ್ಯ ಎಂಬ ನರ್ಸಮ್ಮ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಅದಕ್ಕೆ ಸುಣ್ಣ ಬಳಿಸಿ, ಹುಳುವಿನ ತಟ್ಟೆಗಳಿದ್ದ ಕಡೆ ಮಂಚ ಹಾಕಿಸಿ, ಕುಡಿತಕ್ಕೆ ಬಿದ್ದು ಬೀದಿ ಪಾಲಾದ ಗಂಡಸರನ್ನು ಇಟ್ಟುಕೊಳ್ಳತೊಡಗಿದ್ದರು. ಅವರ ಮೈದುನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸತ್ತಿದ್ದ. ಮಲಗಿದ್ದಾನೆ ಅಂದುಕೊಂಡು ಜನ ಅವನ ಪಕ್ಕದಲ್ಲೇ ಕೂತು ಬಸ್ಸಿಗೆ ಕಾಯ್ದಿದ್ದರಂತೆ. ಶೆಡ್ಡಿನ ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರಿತ್ತು. ಯಾರೂ ಆ ಹೆಸರು ಹೇಳುತ್ತಿರಲಿಲ್ಲ. ಒಳಗಿನವರಿಗೂ ಹೊರಗಿನವರಿಗೂ ಅದು ಶೆಡ್ಡೇ.

ಗೇಟಿಗೆ ಬೀಗ ಇರಲಿಲ್ಲ. "ಬೀಗ ಹಾಕುದ್ರೆ ಗೋಡೆ ಹಾರ್ತಾರೆ, ಕಾಲ್ ಮುರ್ಕಂತಾರೆ. ಆಮೇಲೆ ಆ ಕಾಲಿಗೂ ನಾನೇ ಪಟ್ಟಿ ಕಟ್ಬೇಕು" ಎನ್ನುತ್ತಿದ್ದರು ಸೌಭಾಗ್ಯ. ಹೋಗುವವರು ಹೋಗುತ್ತಿದ್ದರು. ಕೆಲವರು ತಿರುಗಿ ಬರುತ್ತಿದ್ದರು. ಈ ಸಲ ಹೋಗುವವನು ಚೌಡೇಶನೇ ಎಂದು ಶೆಡ್ಡಿನಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅವನೂ ಹಾಗೇ ಅಂದುಕೊಂಡಿದ್ದ.

ಅವನು ರಾಯದುರ್ಗದವನು. ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಕೈ ನಡುಗಲು ಶುರುವಾದ ಮೇಲೆ ಕತ್ತರಿ ಕೆಲಸದಿಂದ ಗುಂಡಿ ಹಾಕುವುದಕ್ಕೆ, ಅಲ್ಲಿಂದ ಕಸ ಗುಡಿಸುವುದಕ್ಕೆ, ಅಲ್ಲಿಂದ ಮುಚ್ಚಿದ ಅಂಗಡಿಗಳ ಜಗಲಿಗೆ ಇಳಿದಿದ್ದ. ಹೆಂಡತಿ ದೇವಿಕಾ ಗುಮ್ಮಘಟ್ಟದ ತವರಿಗೆ ಹೋಗಿ ವರ್ಷದ ಮೇಲಾಗಿತ್ತು. ಒಂದು ದಿನ ರಕ್ತ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದಾಗ ಅಲ್ಲಿಯ ಯಾರೋ ಪುಣ್ಯಾತ್ಮರು ಶೆಡ್ಡಿಗೆ ಫೋನು ಮಾಡಿದ್ದರು. ಬೇಸಿಗೆಯಲ್ಲಿ ಬಂದವನು, ಈಗ ಮಳೆಗಾಲ ಮುಗಿಯುತ್ತ ಬಂದಿತ್ತು. ಕೈ ನಡುಕ ನಿಂತಿತ್ತು, ಕಾಲು ನಿಂತಿರಲಿಲ್ಲ.

ಒಂದು ಶುಕ್ರವಾರ ಸೊಪ್ಪು ಕೊಯ್ದು ಬುಟ್ಟಿ ಹೊತ್ತು ಬರುತ್ತಿದ್ದಾಗ ಸೌಭಾಗ್ಯ ಕೂಗಿದರು.

"ಚೌಡೇಶ, ವೆಂಕಟರಾಮಪ್ಪ ಅಂತ ಯಾರಾದ್ರೂ ಗೊತ್ತೇನಪ್ಪ ನಿಂಗೆ? ಅವ್ರ ಮಗಳು ಫೋನ್ ಮಾಡಿದ್ಲು. ರೇವತಿ ಅಂತೆ."

ಚೌಡೇಶ ಬುಟ್ಟಿ ಕೆಳಗಿಟ್ಟ. "ನಮ್ಮ ಮಾಸ್ಟರ್ರು" ಅಂದ. ಮತ್ತೆ ಬುಟ್ಟಿ ಎತ್ತಿಕೊಂಡ. ಮತ್ತೆ ಇಟ್ಟ.

ವೆಂಕಟರಾಮಪ್ಪ ರಾಯದುರ್ಗಕ್ಕೆಲ್ಲ ಹೆಸರಾದ ಕಟಿಂಗ್ ಮಾಸ್ಟರು. ಹೆಂಡತಿ ಆದಿಲಕ್ಷ್ಮಮ್ಮ ತೀರಿಕೊಂಡ ಮೇಲೆ ಮನೆ ಬಿಟ್ಟಿದ್ದರು. ಮಗಳು ಕರೆದರೂ ಹೋಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾರೆ, ಯಾರಾದರೂ ಮಾತಾಡಿಸಿದರೆ ಬೈಯುತ್ತಾರೆ. "ಕುಡಿದಾಗೆಲ್ಲ ಚೌಡೇಶಣ್ಣನ ಹೆಸರೇ ಹೇಳ್ತಾರ್ರೀ. ಅವನು ಕರೆದ್ರ ಬರಬಹುದು" ಎಂದು ರೇವತಿ ಅತ್ತಿದ್ದಳು.

ಚೌಡೇಶ ಬದುವಿನ ಮೇಲೆ ನಡೆಯತೊಡಗಿದ. ಹದಿನೆಂಟು ತುಂಬದ ವಯಸ್ಸಿನಲ್ಲಿ ಅವನನ್ನು ಕೆಲಸಕ್ಕೆ ಸೇರಿಸಿಕೊಂಡವರು ಮಾಸ್ಟರು. ಕತ್ತರಿ ಹಿಡಿಯಲು ಕಲಿಸಿದವರು. ಮಧ್ಯಾಹ್ನ ತಮ್ಮ ಬುತ್ತಿಯಲ್ಲಿ ಅರ್ಧ ಕೊಟ್ಟವರು. ಒಂದು ಹಬ್ಬದ ಮುಂದೆ ಕೆಲಸ ಜೋರಿದ್ದಾಗ ಯೂನಿಟ್ಟಿನ ಹಿಂದಕ್ಕೆ ಕರೆದುಕೊಂಡು ಹೋಗಿ ಅವನ ಬಾಳಿನ ಮೊದಲ ಗ್ಲಾಸು ಸುರಿದುಕೊಟ್ಟವರೂ ಅವರೇ. "ಕುಡಿಯಲೇ, ಸೊಂಟನೋವು ಹೋಗ್ತೈತಿ" ಎಂದಿದ್ದರು. ಬೇಡ ಅಂದಿದ್ದ. ಎರಡನೇ ಸಲ ಹೇಳಿದಾಗ ಕುಡಿದಿದ್ದ.

ಅವನು ತಿರುಗಿ ಬಂದಾಗ ಮುಖ ಕೆಂಪಾಗಿತ್ತು. "ನಾ ಹೋಗ್ತೀನಿ ಅಕ್ಕ. ಅವರನ್ನ ಕರ್ಕೊಂಡು ಬರ್ತೀನಿ. ಒಂದು ಮಾತು ಕೇಳದೈತಿ ಅವರನ್ನ."

"ನಿನ್ನ ಆ ಊರಿಗೆ ಕಳ್ಸಕ್ಕೆ ನಂಗೆ ಧೈರ್ಯ ಇಲ್ಲ ಕಣಪ್ಪ" ಎಂದರು ಸೌಭಾಗ್ಯ, ಮುಚ್ಚುಮರೆಯಿಲ್ಲದೆ.

"ನಾನಿರ್ತೀನಲ್ಲಕ್ಕ ಜತೇಲಿ" ಎಂದ ಗೋವರ್ಧನ್. ಶೆಡ್ಡಿನ ಹೊರಗೆ ಯಾರೇ ಹೋದರೂ ಇಬ್ಬರು ಹೋಗಬೇಕೆಂಬುದು ಅಲ್ಲಿಯ ನಿಯಮ. ಗೋವರ್ಧನ್ ಮಡಕಶಿರಾ ಕಡೆಯವನೇ, ಮುಂಚೆ ಲಾರಿ ಓಡಿಸುತ್ತಿದ್ದ. ಎಲ್ಲರಿಗಿಂತ ಹಳಬ, ಎಲ್ಲರಿಗಿಂತ ಸಮಾಧಾನಿ. ಉಗ್ರಾಣದ ಕೀಲಿ, ಶೆಡ್ಡಿನ ಫೋನು ಎರಡೂ ಅವನ ಹತ್ತಿರವೇ ಇರುತ್ತಿದ್ದವು. ಹೊಸದಾಗಿ ಬಂದವರು ಕಿರುಚಾಡಿದರೆ ಅವರ ತಲೆ ತೊಡೆಯ ಮೇಲಿಟ್ಟುಕೊಂಡು ಕೂರುವವನು ಅವನು. ಚೌಡೇಶ ಬಂದ ಹೊಸದರಲ್ಲಿ ಅವನಿಗೂ ಹಾಗೇ ಮಾಡಿದ್ದ.

ಶನಿವಾರ ಬೆಳಗ್ಗೆ ಇಬ್ಬರೂ ಹೊರಟರು. ಪಾವಗಡದಲ್ಲಿ ಒಂದು ಬಸ್ಸು ಬದಲಿಸಿ, ಕಲ್ಯಾಣದುರ್ಗದಲ್ಲಿ ಇನ್ನೊಂದು. ಗೋವರ್ಧನ್ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ. ಚೌಡೇಶ ಸೀಟಿದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತ. ಕಂಡಕ್ಟರು ಎರಡು ಸಲ ತೆಲುಗಿನಲ್ಲಿ ಗದರಿಸಿ ಸುಮ್ಮನಾದ. ದಾರಿಯುದ್ದಕ್ಕೂ ಚೌಡೇಶ ಮಾಸ್ಟರಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದ. ನನಗೆ ಅಪ್ಪ ಇರಲಿಲ್ಲ, ನಿಮ್ಮನ್ನೇ ಅಪ್ಪ ಅಂದುಕೊಂಡಿದ್ದೆ, ಯಾಕೆ ಕುಡಿಸಿದಿರಿ? ಕಲ್ಯಾಣದುರ್ಗ ದಾಟುವಾಗ ಆ ಮಾತಿನಲ್ಲಿ ಬೈಗುಳ ಸೇರಿತ್ತು.

ರಾಯದುರ್ಗ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವನ ಕಿವಿಗೆ ಹೊಲಿಗೆ ಮಿಷನ್ನುಗಳ ಸದ್ದು ಬಿತ್ತು. ಸಂದಿಯೊಳಗಿನ ಮನೆಮನೆಯಿಂದಲೂ ಬರುವ ಆ ಸದ್ದು ಊರಿನವರಿಗೆ ಕೇಳಿಸುವುದೇ ಇಲ್ಲ. ಊರು ಬಿಟ್ಟು ಹೋಗಿ ಬಂದವನಿಗೆ ಮಿಷನ್ನು ಎದೆಯೊಳಗೇ ಓಡಿದಂತಾಯಿತು. ಪ್ಯಾಂಟಿನ ಗಂಟುಗಳನ್ನು ಹಿಂದೆ ಮುಂದೆ ಹೇರಿಕೊಂಡ ಗಾಡಿಗಳು ಹಾದುಹೋದವು. ಯಾರೋ "ಏನ್ಲೇ ಚೌಡ, ಬದುಕಿದಿಯಾ?" ಎಂದು ಕೂಗಿಕೊಂಡೇ ಹೋದರು.

"ನೀನು ಟೀ ಅಂಗಡೀಲಿ ವಿಚಾರ್ಸು. ನಾನು ಮುಖ ತೊಳ್ಕಂಡ್ ಬತ್ತೀನಿ" ಎಂದ ಗೋವರ್ಧನ್.

ಟೀ ಅಂಗಡಿಯ ಹನುಮಂತರಾಯಪ್ಪನಿಗೆ ಮಾಸ್ಟರ ಗುರುತು ಚೆನ್ನಾಗಿತ್ತು. "ಇಲ್ಲೇ ಮಲಗ್ತಿದ್ರಪ್ಪ. ಮೊನ್ನಿಂದ ಇಲ್ಲ. ನೇಮಕಲ್ಲಿಗೆ ಹೋಗ್ಯಾರಂತ. ಶನಿವಾರ ಆಂಜನೇಯಸ್ವಾಮಿ ಗುಡಿ ಹತ್ರ ಊಟ ಹಾಕ್ತಾರಲ್ಲ, ಅದಕ್ಕ ಇರಬೇಕು. ಆದರ ಅವರಿಗೆ ನಡಿಯಾಕ ತ್ರಾಣ ಇರಲಿಲ್ಲ ನೋಡು."

ಚೌಡೇಶ ಕಾಯ್ದ. ಗೋವರ್ಧನ್ ಬರಲಿಲ್ಲ. ನಲ್ಲಿಯ ಹತ್ತಿರ ನೋಡಿದ, ಶೌಚಾಲಯದ ಹತ್ತಿರ ನೋಡಿದ. ಎಲ್ಲಿ ನೋಡಬೇಕೆಂದು ಅವನ ಕಾಲಿಗೆ ಆಗಲೇ ಗೊತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ರಸ್ತೆ ದಾಟಿ ವೈನ್ ಶಾಪಿನ ಪಕ್ಕದ ತಗಡಿನ ಬಾಗಿಲು ತಳ್ಳಿದ. ಒಳಗೆ ಮೂಲೆಯ ಮೇಜಿನಲ್ಲಿ ಗೋವರ್ಧನ್ ಕೂತಿದ್ದ. ಮುಂದಿನ ಗ್ಲಾಸು ಆಗಲೇ ಅರ್ಧವಾಗಿತ್ತು.

ಗೋವರ್ಧನನ ಮುಖದಲ್ಲಿ ಗಾಬರಿಯೇನೂ ಇರಲಿಲ್ಲ. ಶೆಡ್ಡಿನಲ್ಲಿ ಇರುತ್ತಿದ್ದ ಅದೇ ನಗು. "ಬಾರೋ. ಒಂದೇ. ಕುಡ್ದು ಹೋಗಾನ" ಎಂದು ಪಕ್ಕದ ಕುರ್ಚಿ ಎಳೆದ.

ಬಾಗಿಲಿನಲ್ಲಿ ನಿಂತ ಚೌಡೇಶನಿಗೆ ಆ ವಾಸನೆ, ತಗಡಿನ ಕೆಳಗಿನ ಸೆಕೆ, ಈರುಳ್ಳಿ ಹೆಚ್ಚುವ ಸದ್ದು ಎಲ್ಲವೂ ಒಟ್ಟಿಗೇ ಮೈಮೇಲೆ ಬಂದವು. ಆ ಕುರ್ಚಿಯ ಮೇಲೆ ಕೂತರೆ ಕಾಲು ನಿಲ್ಲುತ್ತದೆ. ಇಷ್ಟು ತಿಂಗಳಲ್ಲಿ ಒಂದು ಗಳಿಗೆಯೂ ನಿಲ್ಲದ ಕಾಲು ಅಲ್ಲಿ ನಿಲ್ಲುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಯಾಕ ಗೋವರ್ಧನಣ್ಣ?" ಎಂದ.

"ಗೊತ್ತಿಲ್ಲ ಕಣೋ" ಎಂದ ಗೋವರ್ಧನ್. ಆಗ ಅವನ ನಗು ಹೋಯಿತು. "ಎಲ್ರುನ್ನೂ ಸಮಾಧಾನ ಮಾಡಿ ಮಾಡಿ ಸಾಕಾಗೋಗಿತ್ತು. ಬಸ್ಸಿಳ್ದೆ. ಕಾಲು ಇಲ್ಲಿಗ್ ತಂದ್ ನಿಲ್ಸ್ತು."

"ಏಳಣ್ಣ. ಹೋಗೋಣ."

"ಇವತ್ತು ಆಗಲ್ಲ." ಗೋವರ್ಧನ್ ಜೇಬಿನಿಂದ ಶೆಡ್ಡಿನ ಫೋನು, ಅಕ್ಕ ಕೊಟ್ಟಿದ್ದ ದಾರಿಖರ್ಚಿನ ಹಣ ಎರಡನ್ನೂ ತೆಗೆದು ಮೇಜಿನ ಅಂಚಿಗೆ ಸರಿಸಿದ. "ತಗಂಡ್ ಹೋಗು. ನನ್ನ ಹತ್ರ ಇದ್ರೆ ಸಂಜೆಗೆ ಇರಲ್ಲ."

ಅವನ್ನು ಎತ್ತಿಕೊಳ್ಳಲು ಚೌಡೇಶ ಮೇಜಿನ ತನಕ ಹೋಗಬೇಕಾಯಿತು. ಹೋದ. ಎತ್ತಿಕೊಂಡ. ಗ್ಲಾಸಿನ ಕಡೆ ನೋಡದೆ ಹೊರಗೆ ಬಂದ. ಹೊರಗೆ ಬಂದ ಮೇಲೆ ಓಡಿದ. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬಸ್ ಸ್ಟ್ಯಾಂಡಿನ ಆ ತುದಿಯವರೆಗೆ ಓಡಿ, ಗೋಡೆಗೆ ಕೈ ಕೊಟ್ಟು ನಿಂತು ಸೌಭಾಗ್ಯರಿಗೆ ಫೋನು ಮಾಡಿದ.

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ನೀನು ಈಗಿಂದೀಗ್ಲೇ ವಾಪಸ್ ಬಸ್ ಹತ್ತು" ಎಂದರು.

"ಮಾಸ್ಟರ್ರು ನೇಮಕಲ್ಲಿನ್ಯಾಗ ಅದಾರಂತ ಅಕ್ಕ."

"ಇರ್ಲಿ. ನಾಳೆ ನಾನೇ ಹೋಗ್ತೀನಿ. ನೀನು ಬಾರಪ್ಪ ಮೊದ್ಲು."

"ನಡಿಯಾಕ ಬರಲ್ಲಂತ್ರಿ ಅವರಿಗೆ."

"ಚೌಡೇಶ—"

"ವಾಪಸ್ ಬರೋ ಬಸ್ಸು ಇಲ್ಲೇ ನಿಂತೈತಿ ಅಕ್ಕ. ಅದು ಹೊರಡೋ ತನಕ ನಾನು ಇಲ್ಲಿ ಕೂತಿರಬೇಕು. ಎದುರಿಗೇ ಅಂಗಡಿ. ಕೂರಾಕ ಆಗಲ್ಲ ನನಗ. ನೇಮಕಲ್ಲಿಗೆ ಗಾಡಿ ಈಗ ಹೊರಟೈತಿ."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು. "ಹೋಗು. ಫೋನ್ ಮಾಡ್ತಿರು."

ಆಟೋಗಳು ನಿಂತಿದ್ದ ಕಡೆ ಒಬ್ಬ "ಗುಮ್ಮಘಟ್ಟ, ಗುಮ್ಮಘಟ್ಟ" ಎಂದು ಕೂಗುತ್ತಿದ್ದ. ಒಬ್ಬರಿಗೆ ಜಾಗ ಉಳಿದಿತ್ತು. ಚೌಡೇಶ ಅದರ ಮುಂದೆ ನಿಂತ. ದೇವಿಕಾ ಈ ಹೊತ್ತಿಗೆ ತವರಿನ ಜಗಲಿಯ ಮೇಲೆ ರವಿಕೆ ಹೊಲಿಯುತ್ತ ಕೂತಿರುತ್ತಾಳೆ. ಹೋಗಿ ಏನು ಹೇಳುವುದು? "ಹತ್ತಣ್ಣಾ" ಎಂದ ಡ್ರೈವರ್. ಚೌಡೇಶ ಇಲ್ಲವೆಂದು ತಲೆಯಾಡಿಸಿ, ಬೊಮ್ಮನಹಾಳಿನ ಮೇಲೆ ನೇಮಕಲ್ಲಿಗೆ ಹೊರಟಿದ್ದ ಗಾಡಿ ಹತ್ತಿದ.

ನೇಮಕಲ್ಲಿನಲ್ಲಿ ಶನಿವಾರದ ಜನ ತುಂಬಿತ್ತು. ಚಪ್ಪಲಿ ಬಿಡುವ ಜಾಗದ ಹಿಂದೆ, ಬೇವಿನ ಮರದ ಬುಡದಲ್ಲಿ ಮಾಸ್ಟರು ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ಯಾರೋ ತಂದಿಟ್ಟ ಎಲೆಯಲ್ಲಿ ಅನ್ನ ಮುಟ್ಟದೆ ಹಾಗೇ ಒಣಗಿತ್ತು. ಒಂದು ಕಾಲದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಿಲ್ಲದೆ ಮನೆ ಬಿಡದಿದ್ದ ಮನುಷ್ಯ. ಈಗ ಮೈಮೇಲಿದ್ದ ಅಂಗಿಯ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಎರಡೂ ಕೈ ತೊಡೆಯ ಮೇಲೆ ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು.

ಚೌಡೇಶ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಗೋ ಹೋಯಿತು.

"ಮಾಸ್ಟ್ರೇ, ನಾನ್ರಿ. ಚೌಡೇಶ."

ಮಾಸ್ಟರು ಕಣ್ಣು ಕಿರಿದು ಮಾಡಿ ನೋಡಿದರು. "ದಪ್ಪ ಆಗೀಯಲ್ಲಲೇ" ಎಂದರು. "ಬಂದಿಯಲ್ಲ, ಒಳ್ಳೇದಾತು. ಇದರ ಮುಚ್ಚಳ ತೆಗಿ" ಎಂದು ಲುಂಗಿಯ ಮಡಿಕೆ ತೋರಿಸಿದರು. ಅಲ್ಲೊಂದು ಚಿಕ್ಕ ಬಾಟಲಿ ಸಿಕ್ಕಿಸಿಕೊಂಡಿದ್ದರು. ನಿನ್ನೆ ಯಾರೋ ಕೊಟ್ಟದ್ದು. ಕೈ ನಡುಕಕ್ಕೆ ಮುಚ್ಚಳ ತಿರುಗಿಸಲಾಗದೆ, ಹಲ್ಲಿನಿಂದ ಕಚ್ಚಿದರೂ ಬಾರದೆ ಹಾಗೇ ಇಟ್ಟುಕೊಂಡು ಕೂತಿದ್ದರು. ಕೆಳತುಟಿ ಹರಿದು ರಕ್ತ ಹೆಪ್ಪುಗಟ್ಟಿತ್ತು.

"ಆಸ್ಪತ್ರಿಗೆ ಹೋಗೋಣ ಬರ್ರಿ."

"ಮುಚ್ಚಳ ತೆಗಿ, ಬರ್ತೀನಿ."

ಚೌಡೇಶ ಸರಿದು ನಿಂತು ಮತ್ತೆ ಫೋನು ಮಾಡಿದ. ಸೌಭಾಗ್ಯ ಈಗ ನರ್ಸಾಗಿ ಮಾತಾಡಿದರು. ಬೆವರುತ್ತಿದ್ದಾರಾ? ಮಾತು ತಿಳಿಯುತ್ತದಾ? ಯಾವಾಗಿನಿಂದ ಕುಡಿದಿಲ್ಲ? "ಹಿಂಗೆ ಒಂದೇ ಸಲ ನಿಂತ್ರೆ ಫಿಟ್ಸ್ ಬರ್ತೈತೆ. ಜೀವ ಹೋಗ್ತೈತೆ. ತಡ ಮಾಡ್ಬ್ಯಾಡ, ರಾಯದುರ್ಗದ ಆಸ್ಪತ್ರೆಗೆ ಕರ್ಕಂಡ್ ಹೋಗು. ಡಾಕ್ಟರಿಗೆ ಎಲ್ಲಾ ಹೇಳು, ಏನೂ ಮುಚ್ಚಿಡಬ್ಯಾಡ." ಆಮೇಲೆ ದನಿ ತಗ್ಗಿಸಿ, "ದಾರೀಲಿ ನಡುಕ ಜಾಸ್ತಿ ಆದ್ರೆ, ಆವಯ್ಯನ ಹತ್ರ ಇರೋದ್ನ ಕಿತ್ಕಬ್ಯಾಡ" ಎಂದರು.

ಒಬ್ಬ ಆಟೋದವನನ್ನು ಕಾಡಿಬೇಡಿ ಒಪ್ಪಿಸಿ, ಮಾಸ್ಟರನ್ನು ಎತ್ತಿ ಕೂರಿಸಿದ. ಎತ್ತುವಾಗ ಭಾರವೇ ಇರಲಿಲ್ಲ. ಬೊಮ್ಮನಹಾಳ್ ದಾಟುವ ತನಕ ಅವರು ಮಾತಾಡುತ್ತಿದ್ದರು. ಆದಿಲಕ್ಷ್ಮಮ್ಮನ ತಿಥಿಗೆ ಹೋಗಲಿಲ್ಲ ಎಂದರು, ರೇವತಿಯ ಗಂಡ ಒಳ್ಳೆಯವನು ಎಂದರು. ಭತ್ತದ ಗದ್ದೆಗಳು ಮುಗಿದು ಒಣಭೂಮಿ ಶುರುವಾದ ಕಡೆ ಅವರ ಹಲ್ಲು ಕಟಕಟ ಎನ್ನತೊಡಗಿತು. ಕತ್ತು ಒಂದು ಕಡೆಗೆ ಸೆಳೆಯಿತು. ಕಣ್ಣು ಮೇಲೆ ಹೋಗಿ ಬಂತು.

"ನಿಲ್ಲಿಸ್ಲಾ?" ಎಂದ ಆಟೋದವನು.

"ನಿಲ್ಲಿಸಬ್ಯಾಡ್ರಿ, ಹೊಡೀರಿ!" ಎಂದ ಚೌಡೇಶ.

ಬಾಟಲಿಯನ್ನು ಅವನೇ ಲುಂಗಿಯ ಮಡಿಕೆಯಿಂದ ತೆಗೆದ. ಮುಚ್ಚಳ ಒಂದೇ ತಿರುವಿಗೆ ಬಿಚ್ಚಿಕೊಂಡಿತು. ವಾಸನೆ ಮೂಗಿಗೆ ಹೊಡೆದಾಗ ಬಾಯಲ್ಲಿ ನೀರು ತುಂಬಿತು, ನುಂಗಿದ. ಎಡಗೈಯಲ್ಲಿ ಮಾಸ್ಟರ ಗದ್ದ ಹಿಡಿದು, ಮುಚ್ಚಳದಲ್ಲಿ ತುಸು ತುಸು ಸುರಿದು ಅವರ ತುಟಿಯೊಳಗೆ ಬಿಟ್ಟ. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಅದು ಚೆಲ್ಲಿ ಅವನ ಅಂಗಿಯ ಮೇಲೆ, ಬೆರಳ ಮೇಲೆ, ಮಣಿಕಟ್ಟಿನ ತನಕ ಇಳಿಯಿತು. ಮತ್ತೆ ಸುರಿದ. ಮತ್ತೆ. ಹಲ್ಲಿನ ಸದ್ದು ನಿಧಾನವಾಗುತ್ತ ಬಂತು. ಮಾಸ್ಟರು ಅವನ ಹೆಗಲಿಗೆ ತಲೆ ಹಾಕಿದರು.

ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಚೌಡೇಶ ಮುಚ್ಚಳ ಹಾಕಿದ. ರಾಯದುರ್ಗದ ಕೋಟೆ ಬೆಟ್ಟ ಕಾಣುವ ತನಕ ಅದು ಅವನ ಮುಷ್ಟಿಯಲ್ಲೇ ಇತ್ತು. ಎಸೆಯಬಾರದು, ಮತ್ತೆ ಬೇಕಾದೀತು. ಇಟ್ಟುಕೊಳ್ಳಬಾರದು. ಕಾಲು ಚಾಚಲು ಜಾಗವಿಲ್ಲದೆ ಎರಡೂ ಮೊಣಕಾಲು ಮುಂದಿನ ಸೀಟಿಗೆ ಬಡಿಯುತ್ತಿದ್ದವು. ಒದ್ದೆಯಾದ ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡ. ತಂದುಕೊಂಡವನು ತೆಗೆಯಲಿಲ್ಲ. ಊರು ಬಂದಾಗ ಆಟೋದವನು ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಿದ್ದುದು ಕಂಡು ಕೈ ಇಳಿಸಿದ. ಆಸ್ಪತ್ರೆಯ ಬಾಗಿಲಲ್ಲಿ ನರ್ಸಿನ ಕೈಗೆ ಬಾಟಲಿ ಕೊಟ್ಟು, "ಇದು ಅವರದ್ರಿ. ಅರ್ಧ ನಾನೇ ಕುಡಿಸೀನಿ" ಎಂದ. ಡಾಕ್ಟರಿಗೂ ಹಾಗೇ ಹೇಳಿದ. ಅವರು ಬೈಯಲಿಲ್ಲ. ಮಾಸ್ಟರನ್ನು ಮಲಗಿಸಿ ಸೂಜಿ ಚುಚ್ಚಿದರು.

ಮರುದಿನ ಹೊತ್ತೇರುವ ವೇಳೆಗೆ ಮಾಸ್ಟರು ಎದ್ದು ಕೂತರು. ಆದರೆ ಎದ್ದವರು ಬೇರೆಯೇ ಲೋಕದಲ್ಲಿದ್ದರು. ಮಂಚದ ಮೇಲಿನ ಹೊದಿಕೆಯನ್ನು ಎಳೆದು, ಸುಕ್ಕು ಬಿಡಿಸಿ, ಎರಡು ಬೆರಳನ್ನು ಕತ್ತರಿಯಂತೆ ಮಾಡಿಕೊಂಡು ಅದರ ಮೇಲೆ ಓಡಿಸತೊಡಗಿದರು. ತೊಡೆಯ ಬಾಗು, ಜೇಬಿನ ಬಾಯಿ, ಕೆಳಗಿನ ಮಡಿಕೆ, ಒಂದೂ ತಪ್ಪಲಿಲ್ಲ. ಬಟ್ಟೆ ಸರಿದುಹೋಗುತ್ತಿದೆ ಎಂದು ಅವರಿಗೆ ಕಾಟವಾಗುತ್ತಿತ್ತು. "ಪಟ್ಟುಕೋರಾ, ಗಟ್ಟಿಗಾ ಪಟ್ಟುಕೋ" ಎಂದು ತೆಲುಗಿನಲ್ಲಿ ಕಿರುಚಿದರು. ಗಟ್ಟಿಯಾಗಿ ಹಿಡಿ ಎಂದು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಸಲೈನಿನ ಸೂಜಿ ಕಿತ್ತು ಬರುವಂತಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷವೆಲ್ಲ ಚೌಡೇಶನ ಕೆಲಸ ಅದೇ ಆಗಿತ್ತು, ಉದ್ದದ ಮೇಜಿನ ಆ ತುದಿಯಲ್ಲಿ ಬಟ್ಟೆ ಹಿಡಿಯುವುದು. ಅವನು ಮಂಚದ ಕಾಲ ಹತ್ತಿರ ನೆಲದ ಮೇಲೆ ಕೂತು ಹೊದಿಕೆಯ ಎರಡು ಮೂಲೆ ಹಿಡಿದುಕೊಂಡ. "ಹಿಡಿದೀನ್ರಿ ಮಾಸ್ಟ್ರೇ. ಕತ್ತರಿಸ್ರಿ."

ಮಾಸ್ಟರು ಶಾಂತರಾದರು. ಕತ್ತರಿಸಿದರು. ಒಂದು ಮುಗಿದರೆ ಇನ್ನೊಂದು. ಚೌಡೇಶ ಕೈ ಸಡಿಲಿಸಿದರೆ ಕೂಗು ಶುರುವಾಗುತ್ತಿತ್ತು, ಹಿಡಿದರೆ ನಿಲ್ಲುತ್ತಿತ್ತು. ಸೊಂಟ ಸೆಟೆಯಿತು, ಕಾಲು ಜೋಮು ಹಿಡಿಯಿತು. ಅವನು ಏಳಲಿಲ್ಲ.

ಮಡಕಶಿರಾದಿಂದ ಮೊದಲ ಬಸ್ಸಿಗೆ ಬಂದ ಸೌಭಾಗ್ಯ ವಾರ್ಡಿನ ಬಾಗಿಲಲ್ಲಿ ನಿಂತು ಇದನ್ನು ನೋಡಿದರು. ನೆಲದ ಮೇಲೆ ಕೂತಿದ್ದ ಚೌಡೇಶನನ್ನು ಕಂಡು ಅವರಿಗೆ ಒಂದು ಕ್ಷಣ ಬೇರೆ ಯಾರೋ ಅನ್ನಿಸಿತು. ಹತ್ತಿರ ಬಂದಾಗ ಅಂಗಿಯ ವಾಸನೆ ಬಡಿಯಿತು. ಅವರ ಮುಖ ಗಟ್ಟಿಯಾಯಿತು.

"ಕುಡುದ್ಯಾ?"

"ಇಲ್ಲ ಅಕ್ಕ." ಹೊದಿಕೆ ಬಿಡದೆಯೇ ಅವನು ತಲೆಯೆತ್ತಿದ. "ಇವರಿಗೆ ಕುಡಿಸುವಾಗ ಚೆಲ್ಲೇತಿ. ಬೆರಳು ಮೂಸಿದೆ. ಭಾಳ ಹೊತ್ತು ಮೂಸಿದೆ."

ಸೌಭಾಗ್ಯ ಬಗ್ಗಿ ಅವನ ಕಣ್ಣರೆಪ್ಪೆ ಎಳೆದು ನೋಡಿದರು, ಬಾಯಿ ತೆರೆಸಿ ಮೂಸಿದರು. ಮಂದಿಯೆಲ್ಲ ನೋಡುತ್ತಿದ್ದರು, ಚೌಡೇಶನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಂಬಿಕಿ ಬಂತೇನ್ರಿ?"

"ಗೊತ್ತಿಲ್ಲಪ್ಪ. ಗೋವರ್ಧನನ್ನೂ ನಂಬಿದ್ನಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ಆಮೇಲೆ ಹೊದಿಕೆಯ ಒಂದು ಮೂಲೆಯನ್ನು ಅವನ ಕೈಯಿಂದ ತೆಗೆದುಕೊಂಡರು, ಇನ್ನೊಂದನ್ನೂ ತೆಗೆದುಕೊಂಡರು. "ಹೋಗು. ಅಂಗಿ ಒಗ್ದು, ಮೈ ತೊಳ್ಕಂಡು ಬಾ. ನಾನ್ ಹಿಡ್ಕಂಡಿರ್ತೀನಿ."

ಚಳಿ ಬೀಳುವ ಹೊತ್ತಿಗೆ ಮಾಸ್ಟರು ಶೆಡ್ಡಿನಲ್ಲಿ ಎದ್ದು ಓಡಾಡುವಂತಾದರು. ಒಳ್ಳೆಯ ರೋಗಿ ಅಲ್ಲ. ಸಾರಿಗೆ ಉಪ್ಪಿಲ್ಲ, ಮಂಚ ಕಿರುಗುಟ್ಟುತ್ತದೆ, ಇಲ್ಲಿಯವರ ಕನ್ನಡವೇ ಅರ್ಥವಾಗುವುದಿಲ್ಲ ಎಂದು ದಿನವೂ ಗೊಣಗುತ್ತಿದ್ದರು. ರೇವತಿ ಬಂದು ಕಾಲು ಹಿಡಿದು ಅತ್ತಾಗ ಅವಳ ತಲೆ ಸವರಿದರು, ಅವಳು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ನೇಮಕಲ್ಲಾಗಲಿ ಆಟೋ ಆಗಲಿ ಆಸ್ಪತ್ರೆಯಾಗಲಿ ಅವರಿಗೆ ಏನೂ ನೆನಪಿರಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೇ ಸೊಪ್ಪು ಬಿಡಿಸುತ್ತಿದ್ದಾಗ ಚೌಡೇಶ ಕೇಳಿಯೇಬಿಟ್ಟ.

"ಮಾಸ್ಟ್ರೇ, ಅವತ್ತು ನನಗ್ಯಾಕ ಕುಡಿಸಿದ್ರಿ? ಬ್ಯಾಡ ಅಂದಿದ್ನೆಲ್ರಿ."

ಯಾವತ್ತು ಎಂದು ಮಾಸ್ಟರು ಕೇಳಲಿಲ್ಲ. ಎಲೆ ಬಿಡಿಸುತ್ತಲೇ ಇದ್ದರು.

"ಒಬ್ಬನ ಕೂತು ಕುಡಿಯಾಕ ಬ್ಯಾಸರಾಗ್ತಿತ್ತಲೇ" ಎಂದರು. "ಅಷ್ಟ."

"ಅಷ್ಟ?"

"ಅಷ್ಟ. ನಿನ್ನ ಕೆಡಿಸಬೇಕಂತಲೂ ಇರಲಿಲ್ಲ, ನಿನ್ನ ಮ್ಯಾಲೆ ಪ್ರೀತಿ ಅಂತಲೂ ಅಲ್ಲ. ಯಾರಾರ ಎದುರಿಗೆ ಕೂತಿರಬೇಕಿತ್ತು. ನೀನು ಇದ್ದಿ." ಕೈಯಲ್ಲಿದ್ದ ಕಡ್ಡಿ ಕೆಳಗೆ ಹಾಕಿದರು. "ನಿನಗೇನು ಹೇಳಲೋ ಚೌಡ. ಬೈಯಿ. ಹೊಡಿ ಬೇಕಾದ್ರ."

ಚೌಡೇಶ ಎದ್ದ. ಬುಟ್ಟಿ ಒದ್ದ. ಎಲೆಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಬದುವಿನ ಮೇಲೆ ನಡೆಯಲಿಲ್ಲ, ನೇರ ಗೇಟಿನಿಂದ ಹೊರಬಿದ್ದು ರಸ್ತೆ ಹಿಡಿದ. ಇಷ್ಟು ವರ್ಷ ಹೊತ್ತು ತಿರುಗಿದ ಪ್ರಶ್ನೆಗೆ ಇಷ್ಟೇ ಉತ್ತರ. ದೊಡ್ಡದೇನಾದರೂ ಇದ್ದಿದ್ದರೆ ಅದನ್ನು ದ್ವೇಷಿಸಿಕೊಂಡಾದರೂ ಇರಬಹುದಿತ್ತು. ಪಾವಗಡದ ಕಡೆ ಮೈಲಿಗಟ್ಟಲೆ ನಡೆದ. ಬಸ್ಸೊಂದು ಬಂದು, ಕೈ ತೋರಿಸದಿದ್ದರೂ ಪಕ್ಕದಲ್ಲಿ ನಿಂತಿತು. "ಬತ್ತೀಯೇನಣ್ಣಾ?" ಎಂದ ಕಂಡಕ್ಟರ್. ಚೌಡೇಶ ಮೆಟ್ಟಿಲ ಮೇಲೆ ಕಾಲಿಟ್ಟ. ಒಳಗಿನಿಂದ ಯಾರೋ ನಕ್ಕ ಸದ್ದು ಕೇಳಿಸಿತು. ಅವನಿಗೆ ತಗಡಿನ ಬಾಗಿಲ ಹಿಂದೆ ಮೂಲೆಯಲ್ಲಿ ಒಬ್ಬನೇ ಕೂತು ಪಕ್ಕದ ಕುರ್ಚಿ ಎಳೆದ ಗೋವರ್ಧನ್ ನೆನಪಾದ. ಅವನಿಗೂ ಎದುರಿಗೆ ಯಾರಾದರೂ ಬೇಕಾಗಿತ್ತು.

"ಇಲ್ರಿ" ಎಂದು ಕಾಲು ತೆಗೆದ.

ತಿರುಗಿ ಬಂದಾಗ ಸೌಭಾಗ್ಯ ಗೇಟಿನಲ್ಲೇ ನಿಂತಿದ್ದರು. ಹುಡುಕಲು ಯಾರನ್ನೂ ಕಳಿಸಿರಲಿಲ್ಲ. ಚೌಡೇಶ ದಣಿದಿದ್ದ, ಧೂಳಾಗಿದ್ದ.

"ಅಕ್ಕ, ಗೋವರ್ಧನಣ್ಣನ್ನ ಕರ್ಕೊಂಡು ಬರೋಣ."

"ಎರಡ್ ಸಲ ಹೋಗಿದ್ದೆ ನಾನು. ಮುಖ ತಿರುಗಿಸ್ಕಂಡು ಓಡ್ತಾನೆ."

"ನೀವು ಕರೆದ್ರ ಓಡ್ತಾನ. ನಾನು ಕರೀತೀನಿ. ನನ್ನ ಮುಂದ ನಾಚಿಗಿ ಇಲ್ಲ ಅವನಿಗೆ. ಆ ಕುರ್ಚಿ ನನಗ ಹಾಕಿದ್ದ."

ಆ ವಾರವೇ ಇಬ್ಬರೂ ರಾಯದುರ್ಗಕ್ಕೆ ಹೋದರು. ಗೋವರ್ಧನ್ ರೈಲ್ವೆ ಸ್ಟೇಷನ್ನಿನ ಹೊರಗೆ, ಸಾಮಾನು ಇಳಿಸುವ ಕಟ್ಟೆಯ ಮೇಲೆ ಗೋಣಿಚೀಲ ಹೊದ್ದು ಕೂತಿದ್ದ. ಗಡ್ಡ ಬೆಳೆದಿತ್ತು, ಒಂದು ಕಣ್ಣು ಊದಿತ್ತು. ಸೌಭಾಗ್ಯ ದೂರದಲ್ಲೇ ನಿಂತರು. ಚೌಡೇಶ ಹೋಗಿ ಪಕ್ಕದಲ್ಲಿ ಕೂತ. ಕೂತೇ ಇದ್ದ. ಬಳ್ಳಾರಿ ಕಡೆಯ ರೈಲು ಬಂದು ಹೋಯಿತು.

"ಉಗ್ರಾಣದ ಕೀಲಿ ಯಾರತ್ರ ಐತೆ?" ಎಂದ ಗೋವರ್ಧನ್.

"ಅಕ್ಕನ ಹತ್ರ. ಯಾರಿಗೂ ಕೊಟ್ಟಿಲ್ಲ."

"ನಂಗೆ ಕೊಡ್ಬ್ಯಾಡಿ ಅದನ್ನ. ಯಾರ್ನೂ ನೋಡ್ಕಳಕ್ಕೂ ಹೇಳ್ಬ್ಯಾಡಿ."

"ಇಲ್ಲ. ನೀನು ಬರೇ ಮಲಕ್ಕೊ. ಕೂಗಾಡು. ನಾನು ತಲಿ ಹಿಡಕೊಂತೀನಿ."

ಗೋವರ್ಧನನ ಊದಿಕೊಂಡ ಕಣ್ಣಿನಿಂದ ನೀರು ಇಳಿಯಿತು. "ಕೈ ಹಿಡ್ಕಬ್ಯಾಡ. ಜನ ನೋಡ್ತಾರೆ. ಮುಂದ್ ನಡಿ, ಬತ್ತೀನಿ."

ಚೌಡೇಶ ಎದ್ದು ಮುಂದೆ ನಡೆದ. ಸೌಭಾಗ್ಯ ಅವನ ಪಕ್ಕಕ್ಕೆ ಬಂದರು. ಇಬ್ಬರೂ ಹಿಂದಿರುಗಿ ನೋಡಲಿಲ್ಲ. ವೈನ್ ಶಾಪಿನ ಎದುರು ಬಂದಾಗ ಹಿಂದಿನ ಹೆಜ್ಜೆಯ ಸದ್ದು ನಿಂತಿತು. ಚೌಡೇಶನೂ ನಿಂತ. ತಿರುಗದೆ, ಅಲ್ಲೇ ರಸ್ತೆಯ ಅಂಚಿನಲ್ಲಿ, ಅಲುಗಾಡದೆ ನಿಂತ. ಪ್ಯಾಂಟಿನ ಗಂಟು ಹೇರಿದ ಗಾಡಿಯೊಂದು ಹಾರನ್ ಹೊಡೆದು ಸುತ್ತಿಕೊಂಡು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿಯ ಸದ್ದು ಮತ್ತೆ ಶುರುವಾಯಿತು.

ಕಲ್ಯಾಣದುರ್ಗದ ಬಸ್ಸಿನಲ್ಲಿ ಗೋವರ್ಧನ್ ಹಿಂದಿನ ಸೀಟಿನಲ್ಲಿ ಕೂತು, ಗೋಣಿಚೀಲವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಕಂಡಕ್ಟರು ಬಂದು ಎಷ್ಟು ಜನ ಎಂದು ಕೇಳಿದ. "ಮೂರು" ಎಂದರು ಸೌಭಾಗ್ಯ. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದ ಚೌಡೇಶನ ಕಡೆ ತೋರಿಸಿ, "ಅವ್ನು ಕೂರಲ್ಲ. ಸೀಟು ಯಾರಿಗಾದ್ರೂ ಕೊಡು" ಎಂದರು.